ಮೋನ್ಸ್ ಹತ್ತಿರದ ಸೇಂಟ್ ಸಿಂಫೋರಿಯನ್ ಸೈನಿಕ ಸ್ಮಶಾನಕ್ಕೆ ಹೋಗುವವರಿಗೆ

ಬೆಲ್ಜಿಯಂಗೆ ಬರುವ ನಮ್ಮವರು ಮೊದಲ ಮಹಾಯುದ್ಧದ ಜಾಗ ಅಂದರೆ ಈಪರ್‌ಗೆ ಹೋಗುತ್ತಾರೆ. ಅಲ್ಲಿನ ಯುದ್ಧ ಸ್ಮಾರಕದ ಹೆಬ್ಬಾಗಿಲು ಮೆನಿನ್ ಗೇಟ್ ಮೇಲೆ ಭಾರತೀಯ ಸೈನಿಕರ ಹೆಸರುಗಳೂ ಇವೆ, ನೋಡಲೇಬೇಕು. ಆದರೆ ರಾತ್ರಿ 8ಕ್ಕೆ ಸತ್ತವರ ನೆನಪಿಗೆ ಕಹಳೆ ಊದುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲರ ಕೈಯಲ್ಲೂ ಮೊಬೈಲು. ನನಗೆ ಆ ಜನಜಂಗುಳಿ ಆಗಿಬರುವುದಿಲ್ಲ. ಒಂದೇ ಕಡೆ ಹೋಗಲು ಸಮಯ ಇದ್ದರೆ ಸೇಂಟ್ ಸಿಂಫೋರಿಯನ್‌ಗೆ ಹೋಗಿ.

ಬ್ರಸೆಲ್ಸ್‌ನಿಂದ ಮೋನ್ಸ್‌ವರೆಗೆ ರೈಲು ಸಲೀಸು. ಸ್ಮಶಾನ ಊರಿಂದ ನಾಲ್ಕೈದು ಕಿಲೋಮೀಟರ್ ಆಚೆ, ತೊಂದರೆ ಇರುವುದು ಅಲ್ಲೇ. ಭಾನುವಾರ ಮಾತ್ರ ಬಸ್ ನಂಬಿ ಹೊರಡಬೇಡಿ. ನಾನು ಹೋದಾಗ ಬೋರ್ಡಿನಲ್ಲಿ ಬರೆದಿದ್ದ ಬಸ್ ಬರಲೇ ಇಲ್ಲ, ಅದರ ಮುಂದಿನದು ಬರುವಷ್ಟರಲ್ಲಿ ಮಳೆಯಲ್ಲಿ ನೆನೆದು ಚಳಿ ಹಿಡಿದಿತ್ತು, ನಿಲ್ದಾಣಕ್ಕೆ ಸೂರೂ ಇರಲಿಲ್ಲ. ವಾರದ ದಿನ ಹೋಗಿ, ಇಲ್ಲವೇ ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಿ. ಕೊಡೆ, ನೀರು ಜೊತೆಗಿರಲಿ. ಒಳಗೆ ಅಂಗಡಿ ಇಲ್ಲ, ಟಿಕೆಟ್ಟೂ ಇಲ್ಲ.

ಸಾಲುಸಾಲಾಗಿ ಬಿಳಿ ಕಲ್ಲು ನಿಂತ ಬಯಲು ಅಂದುಕೊಂಡು ಹೋದರೆ ಇಲ್ಲಿ ಕಾಣುವುದೇ ಬೇರೆ. ಫಾಸ್ಫೇಟ್ ಗಣಿಯ ಮಣ್ಣು ಸುರಿದ ದಿಬ್ಬದ ಮೇಲೆ ಮರಗಳ ನಡುವೆ ಸಣ್ಣ ಸಣ್ಣ ದಾರಿಗಳು, ಮೆಟ್ಟಿಲುಗಳು. 284 ಜರ್ಮನ್ನರು, ಬ್ರಿಟನ್ ಮತ್ತು ಕೆನಡಾ ಕಡೆಯ 229 ಜನ ಇಲ್ಲಿದ್ದಾರೆ. ಜಾಗ ಬಿಟ್ಟುಕೊಟ್ಟವರು ಜಾನ್ ಹೂಜೋ ಎಂಬ ಸ್ಥಳೀಯರು. ಆಗ ಊರು ಜರ್ಮನ್ನರ ವಶದಲ್ಲಿತ್ತು. ಎರಡೂ ಕಡೆಯ ಸತ್ತವರಿಗೆ ಸಮಾನ ಗೌರವ ಸಿಗಬೇಕು ಅಂತ ಹೂಜೋ ಷರತ್ತು ಹಾಕಿದ್ದರು. ಜರ್ಮನ್ನರು ಅದನ್ನು ನಡೆಸಿಕೊಟ್ಟರು. ತಮ್ಮ ಎದುರು ಹೋರಾಡಿ ಸತ್ತ ಬ್ರಿಟನ್ನಿನ ಮಿಡ್ಲ್‌ಸೆಕ್ಸ್ ರೆಜಿಮೆಂಟಿನವರಿಗೆ ಅವರೇ ನಿಲ್ಲಿಸಿದ ಕಂಬ ಇವತ್ತಿಗೂ ಇದೆ. ಯುದ್ಧ ಇನ್ನೂ ಮುಗಿದಿರಲಿಲ್ಲ, ಆಗಲೇ ಶತ್ರುವಿಗೆ ಸ್ಮಾರಕ! ನನಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಟೂರಿನವರು ಎರಡು ಕಲ್ಲಿಗಷ್ಟೇ ಬರುತ್ತಾರೆ. ಒಂದು ಜಾನ್ ಪಾರ್‌ನದು. 1914ರ ಆಗಸ್ಟ್ 21ರಂದು ಸೈಕಲ್ಲಿನಲ್ಲಿ ಮುಂದೆ ಹೋಗಿ ಶತ್ರು ಎಲ್ಲಿದ್ದಾನೆಂದು ನೋಡಲು ಹೊರಟ ಹುಡುಗ, ಆ ಯುದ್ಧದಲ್ಲಿ ಸತ್ತ ಮೊದಲ ಬ್ರಿಟಿಷ್ ಸೈನಿಕ ಅಂತ ಹೇಳುತ್ತಾರೆ. ಎದುರಿಗೇ ಕೊನೆಯ ಬ್ರಿಟಿಷ್ ಸೈನಿಕ ಅಂತ ಹೇಳುವ ಜಾರ್ಜ್ ಎಲಿಸನ್, 40 ವರ್ಷ, 1918ರ ನವೆಂಬರ್ 11ರಂದು ಯುದ್ಧ ನಿಲ್ಲುವ ಸ್ವಲ್ಪ ಮೊದಲು ಸತ್ತವರು. ನಾಲ್ಕು ವರ್ಷ, ಲಕ್ಷಾಂತರ ಸಾವು, ನಡುವೆ ಕೆಲವೇ ಹೆಜ್ಜೆ. ಕೆನಡಾದ ಜಾರ್ಜ್ ಪ್ರೈಸ್ ಕೂಡ ಇಲ್ಲೇ ಇದ್ದಾರೆ, 11 ಗಂಟೆಗೆ ಕದನವಿರಾಮ, ಅವರು ಸತ್ತದ್ದು 10:58ಕ್ಕೆ.

ಫೋಟೋ ತೆಗೆದು ಅಲ್ಲಿಂದಲೇ ವಾಪಸ್ ಬರಬೇಡಿ. ಜರ್ಮನ್ನರ ಭಾಗಕ್ಕೂ ಹೋಗಿ, ಆ ಬೂದು ಕಲ್ಲುಗಳ ಮೇಲಿನ ಹೆಸರುಗಳನ್ನೂ ಓದಿ. ನಾನಿದ್ದಷ್ಟು ಹೊತ್ತು ಅತ್ತ ಒಬ್ಬರೂ ಬರಲಿಲ್ಲ, ಅದು ಬೇಸರವಾಯಿತು. ಅವರೂ ಯಾರದೋ ಮನೆ ಮಕ್ಕಳು ಅಲ್ವಾ?

ಊಟದ ಮಾತಿಗೆ ಬಂದರೆ, ಸಸ್ಯಾಹಾರಿಗಳೇ, ಬೆಲ್ಜಿಯಂ ಫ್ರೈಸ್ ತಿನ್ನುವ ಮೊದಲು ಯಾವುದರಲ್ಲಿ ಕರಿದಿದ್ದು ಅಂತ ಕೇಳಿ, ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬು ಬಳಸುತ್ತಾರೆ. ನನ್ನನ್ನು ಉಳಿಸಿದ್ದು ಮೋನ್ಸ್‌ನ ಒಂದು ಸಣ್ಣ ಟರ್ಕಿ ಹೋಟೆಲು. ಕೆಂಪು ಬೇಳೆಯ ಸೂಪು, ಮೇಲೆ ನಿಂಬೆರಸ, ನಮ್ಮ ಬೇಳೆ ತೊವ್ವೆಯಷ್ಟೇ ಹಿತ. ಜೊತೆಗೆ ಬಿಸಿ ಬ್ರೆಡ್ಡು ಎಷ್ಟು ಬೇಕಾದರೂ ಹಾಕುತ್ತಿದ್ದರು. ಯಜಮಾನರು ನನ್ನ ಒದ್ದೆ ಜಾಕೆಟ್ ನೋಡಿ ಹೀಟರ್ ಪಕ್ಕದ ಮೇಜು ಕೊಟ್ಟರು, ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮರುದಿನ ಫಲಾಫೆಲ್ ಕಟ್ಟಿಸಿಕೊಂಡೆ, ಅದೂ ಚೆನ್ನಾಗಿತ್ತು, ಬೆಲೆಯೂ ಕಡಿಮೆ.

ರೂಮಿನಲ್ಲಿ ಮಾತ್ರ ಮೋಸ ಹೋದೆ. ಕಿಟಕಿ ತೆರೆದರೆ ಗೋಡೆ, ಬಿಸಿನೀರು ಬೆಳಗ್ಗೆ ಮಾತ್ರ, ಹೊರಡುವಾಗ ಮೊದಲು ಹೇಳದ ಕ್ಲೀನಿಂಗ್ ಚಾರ್ಜು. ಬ್ರಸೆಲ್ಸ್‌ನಲ್ಲೇ ಉಳಿದು ಬೆಳಗ್ಗೆ ಬಂದು ಸಂಜೆ ಹಿಂತಿರುಗುವುದು ವಾಸಿ. ಸಮಯ ಉಳಿದರೆ ಮೋನ್ಸ್ ಹತ್ತಿರದ ನಿಮಿ ಎಂಬ ಊರಿನ ರೈಲ್ವೆ ಸೇತುವೆಗೂ ಹೋಗಿ ಬನ್ನಿ. 1914ರ ಆಗಸ್ಟ್ 23ರಂದು ಅದನ್ನು ಕಾಯುತ್ತಾ ಸತ್ತ ಬ್ರಿಟಿಷ್ ಸೇನಾಧಿಕಾರಿ ಮಾರಿಸ್ ಡೀಸ್ ಸಮಾಧಿಯೂ ಇದೇ ಸ್ಮಶಾನದಲ್ಲಿದೆ, ಅದನ್ನು ನೋಡಿಕೊಂಡೇ ಸೇತುವೆಗೆ ಹೊರಡಿ.