ಕಂಬಳಿಕೊಪ್ಪೆ ಅಜ್ಜನನ್ನು ನಡೆಸಿದ ಕಥೆ

ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋದರೆ ನನಗೆ ಎರಡೇ ಕೆಲಸ. ಜಗಲಿಯಲ್ಲಿ ಕೂತು ಮಳೆ ನೋಡುವುದು, ಕರೆಂಟ್ ಇದ್ದರೆ ಕಂಪ್ಯೂಟರ್‌ನಲ್ಲಿ ಪಿಕ್ಸೆಲ್ ಚಿತ್ರ, ಅಂದರೆ ಪುಟ್ಟ ಪುಟ್ಟ ಚೌಕಗಳಿಗೆ ಬಣ್ಣ ತುಂಬಿ ಮಾಡುವ ಚಿತ್ರ, ಬಿಡಿಸುವುದು. ಈ ಸಲ ನನ್ನ ಪುಟ್ಟ ಗೇಮ್‌ಗೆ ಒಬ್ಬ ಅಜ್ಜ ಬೇಕಿತ್ತು. ಕಂಬಳಿಕೊಪ್ಪೆ, ಅಂದರೆ ಕಂಬಳಿ ಮಡಿಸಿ ತಲೆಯಿಂದ ಇಳಿಬಿಡುವ ಮಳೆಹೊದಿಕೆ, ಹಾಕಿಕೊಂಡು ಮಳೆಯಲ್ಲಿ ನಡೆದು ಹೋಗುವ ಅಜ್ಜ. 32 × 32 ಪಿಕ್ಸೆಲ್, ಆರೇ ಬಣ್ಣ.

ಸುಲಭದ ಕೆಲಸ ಅಂದುಕೊಂಡಿದ್ದೆ. ಕೊಪ್ಪೆ ಇದ್ದರೆ ಕೈ ಬೀಸಿಸುವ ಗೋಜಿಲ್ಲ, ಕೆಳಗೆ ಎರಡು ಕಾಲು ಆಡಿಸಿದರೆ ಸಾಕು, ಅಲ್ವಾ? ಮಾಡಿ, ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎಂತದೋ ಇದು? ಹುಲ್ಲಿನ ಗೊಣಬೆಗೆ ಕಾಲು ಬಂದಿದ್ಯಾ?"

ಸರಿಯಾಗೇ ಹೇಳಿದ್ದರು. ಮತ್ತೆ ಮೊದಲಿಂದ ಶುರು ಮಾಡಿದೆ. ಅಪ್ಪಯ್ಯನಿಗೇ ಕಂಬಳಿ ಹೊದಿಸಿ, ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಸಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡೆ. ಬೈದುಕೊಂಡೇ ನಡೆದರು.

ನಡಿಗೆಗೆ ನಾನು ಎಂಟು ಫ್ರೇಮ್, ಅಂದರೆ ಒಂದಾದ ಮೇಲೊಂದು ಓಡುವ ಎಂಟು ಚಿತ್ರ, ಇಡುತ್ತೇನೆ. ಮುಂದಿನ ಕಾಲು ನೆಲ ಮುಟ್ಟುವುದು, ಮೈಭಾರ ಅದರ ಮೇಲೆ ಇಳಿಯುವುದು, ಹಿಂದಿನ ಕಾಲು ಪಕ್ಕದಲ್ಲಿ ಹಾದು ಹೋಗುವುದು, ಮೈ ಮೇಲೇಳುವುದು. ಇವು ನಾಲ್ಕು. ಇನ್ನೊಂದು ಕಾಲಿಗೂ ಅದೇ ನಾಲ್ಕು. ಮೊದಲು ಒಂದೇ ಬಣ್ಣದಲ್ಲಿ ಬರೀ ಆಕಾರ ಬಿಡಿಸಿ ಆಡಿಸಿ ನೋಡುತ್ತೇನೆ. ಅಲ್ಲೇ ಚೆನ್ನಾಗಿಲ್ಲದಿದ್ದರೆ ಬಣ್ಣ ತುಂಬಿದರೂ ಚೆನ್ನಾಗಾಗುವುದಿಲ್ಲ. ಆಮೇಲೆ ಮೊದಲ ನಾಲ್ಕನ್ನೇ ನಕಲು ಮಾಡಿ, ಆಚೆ ಕಾಲಿನ ಗಾಢ ಬಣ್ಣವನ್ನು ಈಚೆ ಕಾಲಿನ ಬಣ್ಣದ ಜೊತೆ ಅದಲು ಬದಲು ಮಾಡಿದರೆ ಅರ್ಧ ಕೆಲಸ ಉಳಿಯಿತು.

ನಾನು ಎಡವಿದ್ದು ಮೈ ಏರಿಳಿತದಲ್ಲಿ. ಇಳಿಯುವಾಗ ಒಂದು ಪಿಕ್ಸೆಲ್ ಕೆಳಗೆ, ಏಳುವಾಗ ಒಂದು ಪಿಕ್ಸೆಲ್ ಮೇಲೆ ಅಂತ ಇಟ್ಟಿದ್ದೆ. ಅಜ್ಜ ಕಪ್ಪೆಯ ಹಾಗೆ ಕುಪ್ಪಳಿಸಿದ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಅಜ್ಜ 28 ಪಿಕ್ಸೆಲ್ ಎತ್ತರ. ಐದೂವರೆ ಅಡಿ ಮನುಷ್ಯ ಅಂದರೆ 66 ಇಂಚು. ಒಂದು ಪಿಕ್ಸೆಲ್‌ಗೆ ಎರಡು ಇಂಚಿಗಿಂತ ಜಾಸ್ತಿ! ಎರಡು ಪಿಕ್ಸೆಲ್ ಅಂದರೆ ಹೆಚ್ಚು ಕಡಿಮೆ ಐದು ಇಂಚು. ಯಾವ ಅಜ್ಜ ಹಾಗೆ ನಡೆಯುತ್ತಾನೆ? ಮೇಲೇಳುವುದನ್ನು ತೆಗೆದು ಹಾಕಿದೆ. ಎರಡನೇ ಮತ್ತು ಆರನೇ ಫ್ರೇಮ್‌ನಲ್ಲಿ ಮಾತ್ರ ಒಂದು ಪಿಕ್ಸೆಲ್ ಇಳಿಸಿದೆ.

ಅದಕ್ಕಿಂತ ಸಣ್ಣ ಅಲುಗಾಟ ಬೇಕಾದರೆ ಪಿಕ್ಸೆಲ್ ಸರಿಸಬಾರದು, ಬಣ್ಣ ಸರಿಸಬೇಕು. ಅಜ್ಜ ನಿಂತು ಉಸಿರಾಡುವುದನ್ನು ಹಾಗೇ ಮಾಡಿದ್ದು. ಹೊರಗಿನ ಗೆರೆ ಅಲ್ಲೇ ಇರುತ್ತದೆ. ಹೆಗಲ ಮೇಲಿನ ಮೂರು ಪಿಕ್ಸೆಲ್ ಮಾತ್ರ ಕಡುಗಂದಿನಿಂದ ತಿಳಿಗಂದಿಗೆ ಹೋಗಿ ವಾಪಸ್ ಬರುತ್ತವೆ. ಅಷ್ಟಕ್ಕೇ ಎದೆ ಉಬ್ಬಿದ ಹಾಗೆ ಕಾಣುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಮೋಸ ಇದು.

ಗೊಣಬೆ ಕಂಬಳಿಯಾಗಿದ್ದು ಮಾತ್ರ ಅಂಚಿನಿಂದ. ಒದ್ದೆ ಕಂಬಳಿ ಭಾರ, ಮೈ ಹೋದ ಕೂಡಲೇ ಅದು ಹೋಗುವುದಿಲ್ಲ. ವಿಡಿಯೋದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಕೆಳಗಿನ ಅಂಚನ್ನು ಬೇರೆ ಲೇಯರ್‌ಗೆ, ಅಂದರೆ ಚಿತ್ರದ ಮೇಲಿಟ್ಟ ಇನ್ನೊಂದು ಪಾರದರ್ಶಕ ಹಾಳೆಗೆ, ಹಾಕಿ, ಇಡೀ ಲೇಯರನ್ನು ಒಂದು ಫ್ರೇಮ್ ತಡವಾಗಿ ಓಡಿಸಿದೆ. ಹೊಸದಾಗಿ ಏನೂ ಬಿಡಿಸಲಿಲ್ಲ.

ಮಧ್ಯೆ ಗುಡುಗು, ಕರೆಂಟ್ ಹೋಯಿತು. ಫೈಲ್ ಉಳಿಸಿರಲಿಲ್ಲ. ಪುಣ್ಯಕ್ಕೆ ನಾನು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಏಸ್‌ಪ್ರೈಟ್ ತಾನಾಗಿ ಒಂದು ಪ್ರತಿ ಇಟ್ಟುಕೊಂಡಿತ್ತು.

ಕೊನೆಗೆ ಸಮಯ. ನಾವು ಬದಲಿಸದಿದ್ದರೆ ಏಸ್‌ಪ್ರೈಟ್ ಫ್ರೇಮ್‌ಗೆ 100 ಮಿಲಿಸೆಕೆಂಡ್ ಇಟ್ಟಿರುತ್ತದೆ. ಎಲ್ಲವನ್ನೂ ಹಾಗೇ ಬಿಟ್ಟರೆ ಪೊಲೀಸ್ ಪರೇಡ್. ಕಾಲು ಊರುವುದಕ್ಕೆ 160, ಭಾರ ಇಳಿಯುವುದಕ್ಕೆ 140, ಉಳಿದವಕ್ಕೆ 100 ಕೊಟ್ಟೆ. ಎರಡು ಹೆಜ್ಜೆಗೆ ಸರಿಯಾಗಿ ಒಂದು ಸೆಕೆಂಡ್. ಒಂದೂ ಗೆರೆ ತಿದ್ದದೆ, ಹುಡುಗನ ಹಾಗೆ ನಡೆಯುತ್ತಿದ್ದವನು ಅಜ್ಜನಾದ ಅಂದುಕೊಂಡು ಮತ್ತೆ ಅಪ್ಪಯ್ಯನಿಗೆ ತೋರಿಸಿದೆ.

ತುಂಬ ಹೊತ್ತು ನೋಡಿದರು.

"ಇವನಿಗೆ ಎಡಗಾಲು ನೋವೇನೋ?"

ಇಲ್ಲಪ್ಪ, ಎರಡೂ ಕಾಲು ನಕಲೇ ಅಂದೆ. ಆಮೇಲೆ ಸುಮ್ನೆ ತೆಗೆದು ನೋಡಿದರೆ, ಐದನೇ ಫ್ರೇಮ್‌ಗೆ ಸಮಯ ಬದಲಿಸುವುದನ್ನೇ ಮರೆತಿದ್ದೆ. ಎಡಗಾಲು ಊರುವ ಫ್ರೇಮ್ ಅದು. ಇನ್ನೂ 100ರಲ್ಲೇ ಇತ್ತು. ನೋವಿರುವ ಕಾಲಿನ ಮೇಲೆ ಯಾರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲವಲ್ಲ. 60 ಮಿಲಿಸೆಕೆಂಡ್ ವ್ಯತ್ಯಾಸವನ್ನು ಅವರು ಕಾಲುನೋವು ಅಂತ ಓದಿಬಿಟ್ಟಿದ್ದರು.

ಸರಿಮಾಡಿದ ಫೈಲ್ ಬೇರೆ ಇದೆ. ಗೇಮ್‌ಗೆ ಹಾಕಿದ್ದು ಮಾತ್ರ 'ಕುಂಟಜ್ಜ' ಅನ್ನುವ ಫೈಲನ್ನೇ.