ಟೆನ್ಷನ್ ಅಷ್ಟೇ ಅಂತ ಬಿಡಬೇಡಿ

ಕಾಫಿ ಕೊಯ್ಲಿನ ಕಾಲಕ್ಕೆ ನಮ್ಮ ಕೊಡಗಿನ ತೋಟದಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್‌ಗಳ ಮುಖ ನೋಡಿದ್ದೀರಾ? ಆಳು ಸಿಗುವುದಿಲ್ಲ, ಕಣದಲ್ಲಿ ಹರಡಿದ ಹಣ್ಣಿನ ಮೇಲೆ ಅಕಾಲ ಮಳೆ, ರಾತ್ರಿ ಆನೆ ಕಾಟ, ಇದರ ನಡುವೆ ಧಣಿಗಳ ಫೋನು. ನನಗೆ ಗೊತ್ತಿರುವ ಒಬ್ಬರು ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್‌ನಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆದು, ಹೊಡೆದು ಹಾಕಿ, ಸುಮ್ನೆ ಪುಟ ನೋಡುತ್ತಾ ಕೂತುಬಿಡುತ್ತಿದ್ದರು. ಎಲ್ಲರೂ "ಟೆನ್ಷನ್ ಅಷ್ಟೇ" ಅಂದರು. ನನಗೆ ಆ ಮಾತು ಕೇಳಿದರೇ ಸಂಕಟವಾಗುತ್ತದೆ. ಎಳೆದ ಟೆನ್ಷನ್ ಕೆಲವರಲ್ಲಿ ಖಿನ್ನತೆಗೂ ತಿರುಗಬಹುದು.

ಒತ್ತಡ ಬಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಕೆಟ್ಟದ್ದೇನಲ್ಲ, ಬೇಕೇ ಬೇಕು. ಬೆಳಿಗ್ಗೆ ಎದ್ದ 30-45 ನಿಮಿಷದಲ್ಲಿ ಏರುತ್ತದೆ, ನಡುರಾತ್ರಿ ಹೊತ್ತಿಗೆ ಇಳಿದಿರುತ್ತದೆ. ಜಾಸ್ತಿಯಾದರೆ ಮೆದುಳೇ ಸಾಕು ಅಂತ ತಡೆಯುತ್ತದೆ. ಆದರೆ ಒತ್ತಡ ತಿಂಗಳುಗಟ್ಟಲೆ ಎಳೆದರೆ ಕೆಲವರಲ್ಲಿ ಈ ತಡೆ ಸಡಿಲವಾಗುತ್ತದೆ, ರಾತ್ರಿಯೂ ಕಾರ್ಟಿಸಾಲ್ ಇಳಿಯುವುದಿಲ್ಲ, ನಿದ್ದೆ ಕೆಡುತ್ತದೆ, ನೆನಪು ನೋಡಿಕೊಳ್ಳುವ ಮೆದುಳಿನ ಭಾಗ ಹಿಪೊಕ್ಯಾಂಪಸ್ ಸೊರಗುತ್ತದೆ, ಮನಸ್ಸು ಯಾವುದರಲ್ಲೂ ನಿಲ್ಲುವುದಿಲ್ಲ. ಕಾರ್ಟಿಸಾಲ್ ವಿಪರೀತವಾಗುವ ಕುಶಿಂಗ್ ಕಾಯಿಲೆಯವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ಕಾರ್ಟಿಸಾಲ್‌ಗೂ ಖಿನ್ನತೆಗೂ ಇರುವ ನಂಟಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಹಾಗಂತ ಖಿನ್ನತೆ ಇರುವ ಎಲ್ಲರಲ್ಲೂ ಕಾರ್ಟಿಸಾಲ್ ಜಾಸ್ತಿ ಇರುವುದಿಲ್ಲ. ಜೀನ್, ಬಾಲ್ಯದ ನೋವು, ಸಾಲ, ಒಂಟಿತನ ಎಲ್ಲವೂ ಸೇರುತ್ತವೆ. ಆದ್ದರಿಂದ ಲ್ಯಾಬಿನಲ್ಲಿ ಕಾರ್ಟಿಸಾಲ್ ನೋಡಿಸಿ ಖಿನ್ನತೆ ಇಲ್ಲ ಅಂತ ನಿರಾಳವಾಗಬೇಡಿ, ಅದು ಆ ಪರೀಕ್ಷೆಯ ಕೆಲಸವಲ್ಲ.

ಎರಡು ವಾರ ಬಿಡದೆ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ. ದೂರವಾದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು, ಅಪರಾತ್ರಿಯಲ್ಲೂ.