ವೇದವನ್ನು ಒಪ್ಪಿದವರು ದೇವರನ್ನೂ ಒಪ್ಪಲೇಬೇಕೆ?

"ಒಂದೇ ವೇದವಾಕ್ಯಕ್ಕೆ ಒಬ್ಬೊಬ್ಬ ಆಚಾರ್ಯರು ಒಂದೊಂದು ಅರ್ಥ ಹೇಳಿದ್ದಾರೆ, ಹಾಗಿರುವಾಗ ದೇವರಿದ್ದಾನೆ ಎಂಬುದಕ್ಕೆ ಅದನ್ನೇ ಪ್ರಮಾಣವೆಂದು ಹಿಡಿಯುವುದು ಹೇಗೆ?" ದರ್ಶನಶಾಸ್ತ್ರಗಳಲ್ಲಿ ನನಗೆ ಆಸಕ್ತಿಯಿದೆಯೆಂದು ಬಲ್ಲವರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ವಾಕ್ಯದ ಅರ್ಥವೇನು ಎಂಬುದು ಒಂದು, ಆ ಅರ್ಥ ನಿಜವೇ ಎಂಬುದು ಇನ್ನೊಂದು.

ಅರ್ಥವನ್ನು ಮನಸ್ಸಿಗೆ ಬಂದಂತೆ ಹೇಳಲು ಶಾಸ್ತ್ರದಲ್ಲಿ ಅವಕಾಶವಿಲ್ಲ. ಪ್ರಕರಣದ ಆರಂಭ ಮತ್ತು ಮುಕ್ತಾಯಗಳ ಹೊಂದಾಣಿಕೆ, ಪುನರುಕ್ತಿ, ಹೊಸತನ, ಫಲ, ಪ್ರಶಂಸೆ, ಯುಕ್ತಿ ಎಂಬ ಆರು ಗುರುತುಗಳಿಂದ ತಾತ್ಪರ್ಯವನ್ನು ನಿರ್ಣಯಿಸಬೇಕು. 'ಯೂಪವೇ ಆದಿತ್ಯ' ಎಂಬ ವಾಕ್ಯವನ್ನು, ವೇದವಾಕ್ಯಗಳ ಅರ್ಥನಿರ್ಣಯವನ್ನೇ ಶಾಸ್ತ್ರವಾಗಿಸಿದ ಮೀಮಾಂಸಕರು ಯಜ್ಞಸ್ತಂಭದ ಸ್ತುತಿಯೆಂದು ತಿಳಿದರೇ ಹೊರತು ಮರದ ಕಂಬವೇ ಸೂರ್ಯನೆಂದು ನಂಬಲಿಲ್ಲ. ಆದರೂ ನಿಯಮಗಳಿಂದಲೇ ಭಿನ್ನಮತ ಅಳಿಯುವುದಿಲ್ಲ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ 9 ಬಾರಿ ಬರುವ 'ತತ್ತ್ವಮಸಿ', ಅಂದರೆ 'ಅದೇ ನೀನು', ಎಂಬ ವಾಕ್ಯದಲ್ಲಿ ಶಂಕರರು ಜೀವಬ್ರಹ್ಮರ ಐಕ್ಯವನ್ನು ಕಂಡರು. ಮಧ್ವರು ಅದರ ಹಿಂದಿನ 'ಆತ್ಮಾ' ಎಂಬ ಪದದೊಡನೆ ಸಂಧಿಯನ್ನು ಬೇರೆಯಾಗಿ ಬಿಡಿಸಿ, 'ಅತತ್ ತ್ವಮಸಿ', ಅಂದರೆ 'ನೀನು ಅದಲ್ಲ' ಎಂದು ಓದಿದರು. ಇಬ್ಬರಿಗೂ ವೇದ ಪರಮ ಪ್ರಮಾಣವೇ ಆಗಿತ್ತು.

ಎರಡನೆಯ ಪ್ರಶ್ನೆ ಇನ್ನೂ ಆಳವಾದದ್ದು. ವೇದಕ್ಕಾಗಿ ಬೌದ್ಧರೊಡನೆ ಕಟುವಾಗಿ ವಾದಿಸಿದ ಮೀಮಾಂಸಕ ಕುಮಾರಿಲಭಟ್ಟರು ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪಲಿಲ್ಲ. ವೇದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಕರ್ತೃವಿನ ದೋಷಗಳೂ ಅದಕ್ಕೆ ತಟ್ಟುವುದಿಲ್ಲ ಎಂಬುದು ಅವರ ನಿಲುವು. ವೇದನಿಷ್ಠೆಯೂ ಈಶ್ವರನಿರಾಕರಣೆಯೂ ಒಬ್ಬರಲ್ಲೇ ಕೂಡಿದ್ದವೆಂಬುದನ್ನು ನಾವು ಮರೆತಿದ್ದೇವೆ. ಈ ಮರೆವು ನನ್ನನ್ನು ನೋಯಿಸುತ್ತದೆ. ತರ್ಕಕ್ಕೆ ಪ್ರಾಧಾನ್ಯ ಕೊಡುವ ನ್ಯಾಯದರ್ಶನದವರಾದ ನೈಯಾಯಿಕರ ದಾರಿ ಬೇರೆ: ಅವರಿಗೆ ವೇದ ಪ್ರಮಾಣವಾಗುವುದು ಅದು ಈಶ್ವರನ ಮಾತಾದ್ದರಿಂದ. ಆ ಈಶ್ವರನನ್ನು ಮತ್ತೆ ವೇದದಿಂದಲೇ ಸಾಧಿಸಹೊರಟರೆ ಎರಡೂ ಒಂದನ್ನೊಂದು ಆಧರಿಸುವ ಅನ್ಯೋನ್ಯಾಶ್ರಯ ದೋಷ ಬರುತ್ತದೆ. ಆದ್ದರಿಂದಲೇ ನೈಯಾಯಿಕರಾದ ಉದಯನರು ಗಡಿಗೆಗೆ ಕುಂಬಾರನಿರುವಂತೆ ಜಗತ್ತೆಂಬ ಕಾರ್ಯಕ್ಕೂ ಕರ್ತೃವಿರಬೇಕೆಂಬ ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವ ವಾದವನ್ನು, ಮುಂದಿಟ್ಟರು. ಆ ಅನುಮಾನವನ್ನು ಖಂಡಿಸಿದವರಲ್ಲಿ ಪರಮ ಆಸ್ತಿಕರಾದ ರಾಮಾನುಜರೂ ಇದ್ದಾರೆ. ಜಗತ್ತಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಕಾಲಗಳಲ್ಲಿ ಹಲವರು ನಿರ್ಮಿಸಿರಬಾರದೇಕೆ ಎಂದು ಕೇಳಿ, ಬ್ರಹ್ಮವನ್ನು ಶಾಸ್ತ್ರದಿಂದ ಮಾತ್ರ ತಿಳಿಯಬಹುದು ಎಂದರು.

ನನಗೆ ರಾಮಾನುಜರ ಖಂಡನೆ ಗಟ್ಟಿಯಾಗಿ ಕಾಣುತ್ತದೆ. ಕುಂಬಾರನ ದೃಷ್ಟಾಂತ ಸರ್ವಜ್ಞನಾದ ಒಬ್ಬನೇ ಕರ್ತೃವಿನವರೆಗೆ ನಮ್ಮನ್ನು ಒಯ್ಯಲಾರದು. ನಾನು ದೇವರನ್ನು ನಂಬುವವನು. ಆದರೂ 'ವೇದದಲ್ಲಿ ಹೇಳಿದೆ' ಎಂಬುದನ್ನು ನಂಬದವನ ಮುಂದೆ ಸಾಕ್ಷಿಯಾಗಿ ಇಡಲಾರೆ, ಏಕೆಂದರೆ ಆ ಮಾತಿಗೆ ಪ್ರಾಮಾಣ್ಯ ಎಲ್ಲಿಂದ ಬಂತು ಎಂಬುದೇ ಅವನ ಪ್ರಶ್ನೆ.